ಹರಕೆಯ ಬಯಲಾಟವನ್ನು ಫೋನಿನಿಂದಲೇ ನೇರಪ್ರಸಾರ ಮಾಡುವುದು ಹೇಗೆ?

ಪ್ರಶ್ನೆ: ಬರುವ ಫೆಬ್ರವರಿಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಮ್ಮ ಮನೆಯೆದುರಿನ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಬಯಲಾಟವಿದೆ. ಪ್ರಸಂಗ ‘ದೇವಿ ಮಹಾತ್ಮೆ’. ಸಂಜೆ 6ರಿಂದ ನಡುರಾತ್ರಿ 12ರವರೆಗೆ ಕಾಲಮಿತಿಯ ಆಟ. ಮುಂಬೈಯಲ್ಲಿರುವ 84 ವರ್ಷದ ದೊಡ್ಡಮ್ಮ, ಮಸ್ಕತ್‌ನ ಅಣ್ಣ, ನ್ಯೂಜೆರ್ಸಿಯ ತಂಗಿ, ಈ ಮೂವರಿಗೂ ಬರಲು ಆಗುತ್ತಿಲ್ಲ. ಅವರಿಗಾಗಿ ಫೋನಿನಿಂದ ಲೈವ್ ಕೊಡಬೇಕೆಂದಿದ್ದೇವೆ. ನನ್ನ 14 ವರ್ಷದ ಮಗ ಯೂಟ್ಯೂಬ್ ಚಾನೆಲ್ ಮಾಡಿದ್ದಾನೆ, 11 ಮಂದಿ ಚಂದಾದಾರರಿದ್ದಾರೆ; ಆದರೆ ಲೈವ್ ಒತ್ತಿದರೆ ಅರ್ಹತೆ ಇಲ್ಲ ಎನ್ನುತ್ತದೆ. ಕಳೆದ ವರ್ಷ ನೆಂಟರೊಬ್ಬರ ಮನೆಯ ಆಟವನ್ನು ಬೇರೊಂದು ಆ್ಯಪ್‌ನಲ್ಲಿ ಹಾಕಿದ್ದಾಗ ಒಂದೂವರೆ ಗಂಟೆಯಲ್ಲಿ ನಿಂತುಹೋಯಿತು. ಬಂದಷ್ಟು ಹೊತ್ತೂ ಚಂಡೆಯ ಸದ್ದಲ್ಲದೆ ಭಾಗವತರ ಪದ (ಹಾಡು) ಕೇಳಲಿಲ್ಲ. ನನ್ನದು ದಿನಕ್ಕೆ 2 ಜಿಬಿ ಡೇಟಾ ಇರುವ ಸಾಮಾನ್ಯ ಆಂಡ್ರಾಯ್ಡ್ ಫೋನ್. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳಿವೆ: ಚಾನೆಲ್‌ನ ಅರ್ಹತೆ, ಇಂಟರ್ನೆಟ್, ಮತ್ತು ಧ್ವನಿ. ಮೊದಲನೆಯದು ಒಂದು ದಿನದಲ್ಲಿ ಮುಗಿಯುವ ಕೆಲಸ, ಎರಡನೆಯದಕ್ಕೆ ಸ್ವಲ್ಪ ಲೆಕ್ಕಾಚಾರ ಬೇಕು, ಮೂರನೆಯದಕ್ಕೆ ಮಾತ್ರ ನೀವು ನಿಜವಾಗಿ ಓಡಾಡಬೇಕಾಗುತ್ತದೆ. ಸಾಮಾನ್ಯವಾಗಿ ಜನ ಒಳ್ಳೆಯ ಕ್ಯಾಮೆರಾ ಇರುವ ಫೋನ್ ಹುಡುಕುವುದರಲ್ಲಿ ದಿನ ಕಳೆಯುತ್ತಾರೆ. ಯಕ್ಷಗಾನದ ಮಟ್ಟಿಗೆ ಅದು ಕೊನೆಯ ಚಿಂತೆಯಾಗಬೇಕು ಎಂಬುದು ನನ್ನ ಅನುಭವ. ಚಿತ್ರ ಸ್ವಲ್ಪ ಮಸುಕಾದರೂ ಪದ ಮತ್ತು ಅರ್ಥ (ವೇಷಧಾರಿಗಳ ಮಾತು) ಸ್ಪಷ್ಟವಾಗಿ ಕೇಳುತ್ತಿದ್ದರೆ ನಿಮ್ಮ ದೊಡ್ಡಮ್ಮ ಕೊನೆಯವರೆಗೆ ಕುಳಿತು ಆಟ ನೋಡುತ್ತಾರೆ. ಧ್ವನಿ ಕೆಟ್ಟರೆ ಹತ್ತು ನಿಮಿಷವೂ ಕೂರಲಾರರು.

ಅರ್ಹತೆಯ ವಿಚಾರ ಮೊದಲು ಮುಗಿಸೋಣ. ಯೂಟ್ಯೂಬ್‌ನ ಮೊಬೈಲ್ ಆ್ಯಪ್‌ನಿಂದ ನೇರವಾಗಿ ಲೈವ್ ಕೊಡಲು ಚಾನೆಲ್‌ಗೆ ಕನಿಷ್ಠ 50 ಚಂದಾದಾರರು ಇರಬೇಕು, ಫೋನ್ ಸಂಖ್ಯೆಯ ಮೂಲಕ ಚಾನೆಲ್‌ನ ದೃಢೀಕರಣ ಆಗಿರಬೇಕು, ಹಿಂದಿನ 90 ದಿನಗಳಲ್ಲಿ ಲೈವ್‌ಗೆ ಸಂಬಂಧಿಸಿದ ನಿರ್ಬಂಧ ಬಿದ್ದಿರಬಾರದು. ಜೊತೆಗೆ, 2025ರ ಜುಲೈ 22ರಿಂದ ಲೈವ್ ಕೊಡುವವರ ಕನಿಷ್ಠ ವಯಸ್ಸನ್ನು 13ರಿಂದ 16ಕ್ಕೆ ಏರಿಸಲಾಗಿದೆ. ಹೀಗಾಗಿ ಮಗನ ಚಾನೆಲ್‌ಗೆ ಊರವರನ್ನೆಲ್ಲ ಹಿಡಿದು 50 ಚಂದಾದಾರರನ್ನು ಸೇರಿಸಿದರೂ ಪ್ರಯೋಜನವಾಗದು. ಅವನ ಖಾತೆಯನ್ನು ಈ ಕೆಲಸಕ್ಕೆ ಬಳಸಬೇಡಿ. ಮನೆಯ ಹಿರಿಯರೊಬ್ಬರ ಹೆಸರಿನಲ್ಲಿ ಚಾನೆಲ್ ಇರಲಿ.

50 ಚಂದಾದಾರರ ಈ ನಿಯಮ ಯೂಟ್ಯೂಬ್‌ನ ಸ್ವಂತ ಮೊಬೈಲ್ ಆ್ಯಪ್‌ಗಷ್ಟೇ ಅನ್ವಯಿಸುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಎನ್‌ಕೋಡರ್ ಎಂಬ ಬೇರೆ ತಂತ್ರಾಂಶದ ಮೂಲಕ ಕಳಿಸುವ ಪ್ರಸಾರಕ್ಕೆ ಚಂದಾದಾರರ ಸಂಖ್ಯೆಯ ಮಿತಿಯಿಲ್ಲ, ಮತ್ತು ಆ ತಂತ್ರಾಂಶ ನಿಮ್ಮ ಫೋನಿನಲ್ಲೇ ಓಡುವ ಒಂದು ಆ್ಯಪ್ ಆಗಿರಬಹುದು. ಲಾರಿಕ್ಸ್ ಬ್ರಾಡ್‌ಕಾಸ್ಟರ್, ಪ್ರಿಸಂ ಲೈವ್ ಸ್ಟುಡಿಯೊ ಅಂಥವು. ಯೂಟ್ಯೂಬ್ ಕೊಡುವ ಸ್ಟ್ರೀಮ್ ವಿಳಾಸವನ್ನೂ ಸ್ಟ್ರೀಮ್ ಕೀಯನ್ನೂ ಅಂಥ ಆ್ಯಪ್‌ನಲ್ಲಿ ತುಂಬಿದರೆ ಸಾಕು, ಫೋನಿನ ಕ್ಯಾಮೆರಾ ಕಂಡದ್ದು ಯೂಟ್ಯೂಬ್‌ಗೆ ತಲುಪುತ್ತದೆ. ಇವುಗಳ ಉಚಿತ ಆವೃತ್ತಿಗಳಲ್ಲಿ ಸಮಯದ ಮಿತಿಯೋ ಚಿತ್ರದ ಮೇಲೆ ಲಾಂಛನವೋ ಇರುವ ಸಾಧ್ಯತೆಯಿರುವುದರಿಂದ, ನೀವು ಆರಿಸಿದ ಆ್ಯಪ್ ಆರು ಗಂಟೆ ನಿಲ್ಲದೆ ಓಡುತ್ತದೆಯೇ ಎಂಬುದನ್ನು ಮೊದಲೇ ಮನೆಯಲ್ಲಿ ಓಡಿಸಿ ನೋಡಿಕೊಳ್ಳಿ. ಚಾನೆಲ್‌ನಲ್ಲಿ ಲೈವ್ ಸೌಲಭ್ಯವನ್ನು ಮೊದಲ ಬಾರಿಗೆ ತೆರೆಯುವಾಗ ಅದು ಸಕ್ರಿಯವಾಗಲು 24 ಗಂಟೆಯವರೆಗೆ ಹಿಡಿಯಬಹುದು. ಆಟದ ದಿನ ಬೆಳಿಗ್ಗೆ ಇದನ್ನು ಆರಂಭಿಸಿ ಸಂಜೆ ತಲೆಯ ಮೇಲೆ ಕೈ ಹೊತ್ತು ಕುಳಿತವರನ್ನು ನಾನು ಕಂಡಿದ್ದೇನೆ. ನೀವು ವಾರ ಮೊದಲೇ ಮಾಡಿಡಿ.

ಬೇರೆ ಆ್ಯಪ್‌ಗಳು ಏಕೆ ಬೇಡ ಎಂಬುದಕ್ಕೂ ಕಾರಣವಿದೆ. ಇನ್‌ಸ್ಟಾಗ್ರಾಂನಲ್ಲಿ ಲೈವ್ ಕೊಡಲು ಈಗ 1000 ಹಿಂಬಾಲಕರು ಬೇಕು, ಒಂದು ಲೈವ್ ನಾಲ್ಕು ಗಂಟೆ ಮೀರುವಂತಿಲ್ಲ. ಫೇಸ್‌ಬುಕ್‌ನಲ್ಲಿ ಖಾತೆಗೆ 60 ದಿನ ತುಂಬಿರಬೇಕು, ಪುಟಕ್ಕೆ 100 ಹಿಂಬಾಲಕರಿರಬೇಕು; ಮೇಲಾಗಿ 2025ರಿಂದ ಅಲ್ಲಿ ಲೈವ್ ವೀಡಿಯೊಗಳು 30 ದಿನ ಮಾತ್ರ ಉಳಿಯುತ್ತವೆ. ಯೂಟ್ಯೂಬ್‌ನಲ್ಲಿ 12 ಗಂಟೆಗಿಂತ ಕಡಿಮೆ ಅವಧಿಯ ಲೈವ್ ತಾನಾಗಿಯೇ ಚಾನೆಲ್‌ನಲ್ಲಿ ವೀಡಿಯೊ ಆಗಿ ಉಳಿದುಕೊಳ್ಳುತ್ತದೆ. ಹರಕೆಯ ಆಟ ಮನೆಗೆ ಎಷ್ಟೋ ವರ್ಷಕ್ಕೊಮ್ಮೆ ಬರುವಂಥದ್ದು. ಅದು ತಿಂಗಳಲ್ಲಿ ಅಳಿಸಿಹೋಗಬಾರದು.

ಇಲ್ಲಿ ನಿಮಗೊಂದು ಅನುಕೂಲವಿದೆ. ನಿಮ್ಮ ತಂಗಿ ನ್ಯೂಜೆರ್ಸಿಯಲ್ಲಿದ್ದಾರೆ. ಫೆಬ್ರವರಿಯಲ್ಲಿ ಅಲ್ಲಿಯ ಸಮಯ ನಮಗಿಂತ ಹತ್ತೂವರೆ ಗಂಟೆ ಹಿಂದೆ ಇರುವುದರಿಂದ ನಮ್ಮ ಸಂಜೆ 6 ಅವರಿಗೆ ಬೆಳಿಗ್ಗೆ 7.30. ಚಾನೆಲ್ ಅವರ ಹೆಸರಿನಲ್ಲೇ ಇರಲಿ. ಅವರು ತಮ್ಮ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೊ ತೆರೆದು ಪ್ರಸಾರವನ್ನು ಮೊದಲೇ ನಿಗದಿ ಮಾಡಿ, ಸ್ಟ್ರೀಮ್ ಕೀಯನ್ನು ನಿಮಗೆ ಕಳಿಸಲಿ. ಆಟ ನಡೆಯುವಾಗ ಚಿತ್ರ ಮತ್ತು ಧ್ವನಿ ಸರಿಯಾಗಿ ಬರುತ್ತಿದೆಯೇ ಎಂದು ಅಲ್ಲಿಂದಲೇ ನೋಡುತ್ತಿರಲಿ. ಗದ್ದೆಯಲ್ಲಿ ಚಂಡೆಯ ಪಕ್ಕ ನಿಂತವರಿಗೆ ಪ್ರಸಾರದ ಧ್ವನಿ ಹೇಗಿದೆ ಎಂಬುದು ಎಂದೂ ತಿಳಿಯುವುದಿಲ್ಲ, ದೂರದಲ್ಲಿ ಕುಳಿತವರಿಗೇ ಅದು ತಿಳಿಯುವುದು. ಸ್ಟ್ರೀಮ್ ಕೀ ಎಂಬುದು ಮನೆಯ ಬೀಗದ ಕೈಯಂತೆ. ಅದು ಸಿಕ್ಕಿದವರು ನಿಮ್ಮ ಚಾನೆಲ್‌ನಲ್ಲಿ ತಮಗೆ ಬೇಕಾದ್ದನ್ನು ಪ್ರಸಾರ ಮಾಡಬಹುದು, ಆದ್ದರಿಂದ ಅದನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕದೆ ಒಬ್ಬರಿಗೇ ಕಳಿಸಬೇಕು.

ತಂಗಿಯವರು ಗಮನಿಸಬೇಕಾದ ಮೂರು ಆಯ್ಕೆಗಳಿವೆ. ಪ್ರಸಾರದ ವಿಳಂಬವನ್ನು ‘ಸಾಮಾನ್ಯ’ ಎಂಬುದಕ್ಕೇ ಇಡಲಿ. ಅತಿ ಕಡಿಮೆ ವಿಳಂಬವನ್ನು ಆರಿಸಿದರೆ ನೆಟ್‌ವರ್ಕ್ ಸ್ವಲ್ಪ ಏರುಪೇರಾದರೂ ನೋಡುವವರಿಗೆ ಚಿತ್ರ ಸಿಕ್ಕಿಹಾಕಿಕೊಳ್ಳುತ್ತದೆ, ಮತ್ತು ಆಟ ನೋಡುವವರಿಗೆ ಅರ್ಧ ನಿಮಿಷ ತಡವಾದರೆ ನಷ್ಟವೇನೂ ಇಲ್ಲ. ‘ಆಟೊ ಸ್ಟಾಪ್’ ಎಂಬುದನ್ನು ಕಡ್ಡಾಯವಾಗಿ ಆಫ್ ಮಾಡಿಡಲಿ. ಅದು ಆನ್ ಇದ್ದರೆ ಗದ್ದೆಯಲ್ಲಿ ಇಂಟರ್ನೆಟ್ ಕಡಿದಾಗ ಪ್ರಸಾರವೇ ಮುಗಿಯಿತೆಂದು ಯೂಟ್ಯೂಬ್ ತೀರ್ಮಾನಿಸಿಬಿಡಬಹುದು, ಆಮೇಲೆ ಹೊಸ ಲಿಂಕ್ ಎಲ್ಲರಿಗೂ ಕಳಿಸುವ ಪಾಡು ಬರುತ್ತದೆ. ಆಫ್ ಇದ್ದರೆ ಸಂಪರ್ಕ ಮರಳಿದಾಗ ಅದೇ ಲಿಂಕಿನಲ್ಲಿ ಆಟ ಮುಂದುವರಿಯುತ್ತದೆ. ಮೂರನೆಯದು, ಕುಟುಂಬದವರಷ್ಟೇ ನೋಡಬೇಕೆಂದಿದ್ದರೆ ‘ಅನ್‌ಲಿಸ್ಟೆಡ್’ ಆರಿಸುವುದು. ಆಗ ಲಿಂಕ್ ಇದ್ದವರಿಗೆ ಮಾತ್ರ ಆಟ ಕಾಣುತ್ತದೆ.

ಇನ್ನು ಇಂಟರ್ನೆಟ್. ಕಳೆದ ವರ್ಷ ಲೈವ್ ಒಂದೂವರೆ ಗಂಟೆಯಲ್ಲಿ ನಿಂತದ್ದು ಏಕೆಂದು ನೀವೇ ಲೆಕ್ಕ ಹಾಕಬಹುದು. ಸೆಕೆಂಡಿಗೆ 3 ಮೆಗಾಬಿಟ್‌ನಂತೆ ಕಳಿಸಿದರೆ ಗಂಟೆಗೆ ಸುಮಾರು 1.35 ಜಿಬಿ ಖರ್ಚಾಗುತ್ತದೆ. ದಿನದ 2 ಜಿಬಿ ತೀರಲು ಒಂದೂವರೆ ಗಂಟೆ ಸಾಕು. ಆ ಬಳಿಕ ವೇಗ ಸಾಮಾನ್ಯವಾಗಿ 64 ಕಿಲೋಬಿಟ್‌ಗೆ ಇಳಿಯುತ್ತದೆ, ಅದರಲ್ಲಿ ಚಿತ್ರ ಹೋಗುವುದು ಅಸಾಧ್ಯ. ಆರು ಗಂಟೆಯ ಆಟಕ್ಕೆ 8.1 ಜಿಬಿ ಬೇಕು. ಪರೀಕ್ಷೆ, ಏರುಪೇರು ಎಲ್ಲ ಸೇರಿಸಿ 12 ಜಿಬಿ ಕೈಯಲ್ಲಿರುವಂತೆ ಡೇಟಾ ಪ್ಯಾಕ್ ಹಾಕಿಸಿಕೊಳ್ಳಿ. ಚಿತ್ರದ ಗಾತ್ರ 720ಪಿ, ಸೆಕೆಂಡಿಗೆ 30 ಫ್ರೇಮ್ ಇರಲಿ. ಇದಕ್ಕೆ ಯೂಟ್ಯೂಬ್ ಶಿಫಾರಸು ಮಾಡುವುದು 4 ಮೆಗಾಬಿಟ್. ಹಳ್ಳಿಯ ನೆಟ್‌ವರ್ಕಿನಲ್ಲಿ ನಾನು 3ರಲ್ಲೇ ನಿಲ್ಲಿಸುತ್ತೇನೆ. ಅದಕ್ಕಿಂತ ಬಹಳ ಕೆಳಗಿಳಿಸಿದರೆ ಧೀಂಗಿಣ ಹೊಡೆಯುವಾಗ, ಅಂದರೆ ಹಾರಿ ಸುತ್ತುತ್ತಾ ಕುಣಿಯುವಾಗ, ವೇಷ ಚೂರುಚೂರಾಗಿ ಚೌಕಗಳಂತೆ ಕಾಣುತ್ತದೆ.

ಡೇಟಾ ಇದ್ದರಷ್ಟೇ ಸಾಲದು, ಅಪ್‌ಲೋಡ್ ವೇಗ ಬೇಕು. ನಾವು ವೀಡಿಯೊ ನೋಡುವಾಗ ಬಳಸುವುದು ಡೌನ್‌ಲೋಡ್. ಕಳಿಸುವಾಗ ಬೇಕಾಗುವ ಅಪ್‌ಲೋಡ್ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಸ್ಪೀಡ್ ಟೆಸ್ಟ್ ಮಾಡುವಾಗ ಅಪ್‌ಲೋಡ್ ಅಂಕಿಯನ್ನೇ ನೋಡಿ, ಅದು ನೀವು ಕಳಿಸುವ ವೇಗದ ಎರಡರಷ್ಟಾದರೂ, ಅಂದರೆ 6 ಮೆಗಾಬಿಟ್ ಇರಬೇಕು. ಮಧ್ಯಾಹ್ನ ಬಂದ ಅಂಕಿಯನ್ನು ನಂಬಬೇಡಿ. ರಾತ್ರಿ 8 ಗಂಟೆಗೆ, ಫೋನ್ ನಿಲ್ಲಿಸುವ ಅದೇ ಜಾಗದಲ್ಲಿ ನೋಡಿ. ಆಟದ ದಿನ ಸಾವಿರ ಜನ ಸೇರಿ, ಅವರಲ್ಲಿ ನೂರು ಮಂದಿ ಒಟ್ಟಿಗೆ ವಾಟ್ಸ್‌ಆ್ಯಪ್‌ಗೆ ವೀಡಿಯೊ ಕಳಿಸತೊಡಗಿದರೆ ಅದೇ ಟವರ್‌ನಿಂದ ನಿಮಗೆ ಸಿಗುವ ಪಾಲು ಕುಸಿಯುತ್ತದೆ.

ಆದ್ದರಿಂದ ನಿಮ್ಮ ಮನೆಗೆ ಅಥವಾ ಪಕ್ಕದ ಮನೆಗೆ ಫೈಬರ್ ಸಂಪರ್ಕವಿದ್ದರೆ ಅದನ್ನೇ ಬಳಸಬೇಕೆಂಬುದು ನನ್ನ ಗಟ್ಟಿ ಸಲಹೆ. ಮನೆಯ ಫೈಬರ್ ಮೋಡೆಮ್‌ನಿಂದ ಗದ್ದೆಯವರೆಗೆ ಲ್ಯಾನ್ ಕೇಬಲ್ ಎಳೆದು, ತುದಿಯಲ್ಲಿ ಒಂದು ಹಳೆಯ ವೈಫೈ ರೂಟರ್ ಇಟ್ಟು, ಫೋನನ್ನು ಅದಕ್ಕೆ ಜೋಡಿಸಿದರೆ ಜನಸಂದಣಿಯ ತೊಂದರೆಯೇ ಇರುವುದಿಲ್ಲ. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಸರಿಯಾಗಿ ಕೆಲಸ ಮಾಡುತ್ತದೆ, ಅಂಗಳ ದಾಟಿ ಗದ್ದೆ ಮುಟ್ಟಲು ಅಷ್ಟು ಸಾಕಾಗುತ್ತದೆ. ಜನ ನಡೆಯುವ ಕಡೆ ಕೇಬಲನ್ನು ಅಡಿಕೆ ದಬ್ಬೆಯ ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿ. ಮನೆಯ ಮೋಡೆಮ್ ಇನ್ವರ್ಟರ್‌ಗೆ ಜೋಡಿಸಿದೆಯೇ ಎಂದೂ ನೋಡಿ, ಏಕೆಂದರೆ ರಂಗಸ್ಥಳಕ್ಕೆ ಜನರೇಟರ್ ಇದ್ದರೂ ಕರೆಂಟ್ ಹೋದರೆ ಮನೆಯೊಳಗಿನ ಮೋಡೆಮ್ ಆರಿಹೋಗುತ್ತದೆ.

ಕ್ಯಾಮೆರಾ ಕೆಲಸಕ್ಕೆ ಬಳಸುವ ಫೋನಿನಲ್ಲಿ ಸಿಮ್ ಇರಲೇಬಾರದು. ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ನನ್ನ ಮೊದಲ ಬಯಲಾಟದ ಪ್ರಸಾರದಲ್ಲಿ ನನ್ನ ನಿತ್ಯದ ಫೋನನ್ನೇ ಸ್ಟ್ಯಾಂಡ್‌ಗೆ ಏರಿಸಿದ್ದೆ. ಮಹಿಷಾಸುರ ರಂಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಪರಿಚಿತರೊಬ್ಬರು, ಲೈವ್ ಚೆನ್ನಾಗಿ ಬರುತ್ತಿದೆ ಎಂದು ಹೇಳಲು ಕರೆ ಮಾಡಿದರು. ಗಾಬರಿಯಲ್ಲಿ ಕತ್ತರಿಸಲು ಹೋದ ನನ್ನ ಬೆರಳು ಕರೆಯನ್ನು ಸ್ವೀಕರಿಸಿಬಿಟ್ಟಿತು, ಮೈಕ್ ಕರೆಯ ಪಾಲಾಯಿತು, ಇಡೀ ಪ್ರವೇಶ ಮೂಕಿಯಾಗಿ ಹೋಯಿತು. ಆ ಮನೆಯವರು ಒಂದು ಮಾತೂ ಆಡಲಿಲ್ಲ. ಆದರೆ ಹರಕೆ ಹೊತ್ತವರಿಗೆ ಆ ಗಳಿಗೆ ಎಂಥದ್ದೆಂದು ತಿಳಿದಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಕ್ಯಾಮೆರಾ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಆನ್ ಮಾಡುತ್ತೇನೆ. ಫೈಬರ್ ಇಲ್ಲದ ಕಡೆ ಇನ್ನೊಂದು ಫೋನಿನ ಹಾಟ್‌ಸ್ಪಾಟ್‌ನಿಂದ ಇಂಟರ್ನೆಟ್ ಕೊಡುತ್ತೇನೆ, ಮತ್ತು ಆ ಫೋನಿನ ಸಂಖ್ಯೆಯನ್ನು ಯಾರಿಗೂ ಕೊಡುವುದಿಲ್ಲ. ಎರಡೂ ಫೋನುಗಳಿಗೆ 20,000 ಎಂಎಎಚ್‌ನ ಒಂದೊಂದು ಪವರ್ ಬ್ಯಾಂಕ್ ಸಾಕು. ಜನರೇಟರ್‌ನ ಕರೆಂಟಿಗೆ ನೇರವಾಗಿ ಚಾರ್ಜರ್ ಹಾಕುವುದಕ್ಕಿಂತ ಅದು ಸುರಕ್ಷಿತ. ಚಾರ್ಜ್ ಆಗುತ್ತಾ ಲೈವ್ ಕೊಡುವ ಫೋನ್ ಬಿಸಿಯಾಗುತ್ತದೆ, ಆದ್ದರಿಂದ ಹಿಂಬದಿಯ ಕವರ್ ತೆಗೆಯಿರಿ, ಪರದೆಯ ಬೆಳಕು ತಗ್ಗಿಸಿ.

ಈಗ ಧ್ವನಿಗೆ ಬರುತ್ತೇನೆ. ಫೋನಿನ ಮೈಕ್ ಮಾತಿಗಾಗಿ ಮಾಡಿದ್ದು. ಜೋರಾದ ಸದ್ದು ಬಂದಾಗ ಅದು ತಾನಾಗಿಯೇ ಎಲ್ಲ ಧ್ವನಿಯನ್ನೂ ತಗ್ಗಿಸುತ್ತದೆ. ಚಂಡೆಯ ಪೆಟ್ಟು ಬಿದ್ದ ಕೂಡಲೇ ಅದರೊಂದಿಗೆ ಭಾಗವತರ ಸ್ವರವೂ ಕುಗ್ಗುತ್ತದೆ, ಮತ್ತೆ ಏಳುವಷ್ಟರಲ್ಲಿ ಮುಂದಿನ ಪೆಟ್ಟು ಬಂದಿರುತ್ತದೆ. ನೆಂಟರ ಮನೆಯ ಆಟದಲ್ಲಿ ನಿಮಗೆ ಚಂಡೆಯಷ್ಟೇ ಕೇಳಿದ್ದು ಇದರಿಂದ. ಪರಿಹಾರವೆಂದರೆ ಮೈಕಿನವರ ಮಿಕ್ಸರ್‌ನಿಂದ ನೇರವಾಗಿ ಒಂದು ಲೈನ್ ಪಡೆಯುವುದು. ಆದರೆ ಮಿಕ್ಸರ್‌ನ ಹೊರಗಿನ ಸಂಕೇತ ಪ್ರಬಲವಾಗಿರುತ್ತದೆ, ಫೋನಿನ ಮೈಕ್ ಒಳದಾರಿ ಅತಿ ಸೂಕ್ಷ್ಮ. ಸಾಮಾನ್ಯ ಕೇಬಲಿನಿಂದ ಜೋಡಿಸಿದರೆ ಧ್ವನಿ ಒಡೆದು ಕರಕರ ಎನ್ನುತ್ತದೆ. ಫೋನಿನ ಟೈಪ್-ಸಿ ಕಿಂಡಿಗೆ ಹಾಕುವ ಸಣ್ಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಒಂದನ್ನು ಕೊಂಡುಕೊಳ್ಳಿ ಅಥವಾ ಸ್ಟುಡಿಯೊ ಇಟ್ಟುಕೊಂಡವರಿಂದ ಒಂದು ದಿನಕ್ಕೆ ಎರವಲು ತನ್ನಿ. ನೀವು ಖರ್ಚು ಮಾಡಬೇಕಾದ ಹಣವಿದ್ದರೆ ಅದು ಇದಕ್ಕೇ ಹೋಗಲಿ.

ಲೈನ್ ಪಡೆದ ಬಳಿಕವೂ ಒಂದು ಸೂಕ್ಷ್ಮವಿದೆ. ಚಂಡೆಯ ಸದ್ದು ಧ್ವನಿವರ್ಧಕವಿಲ್ಲದೆಯೇ ಗದ್ದೆಯ ತುದಿಯವರೆಗೆ ಕೇಳುವುದರಿಂದ ಮೈಕಿನವರು ಮಿಕ್ಸರ್‌ನಲ್ಲಿ ಅದನ್ನು ಕಡಿಮೆ ಇಟ್ಟಿರುತ್ತಾರೆ, ಚಕ್ರತಾಳವನ್ನಂತೂ ಕೆಲವೊಮ್ಮೆ ಬಿಟ್ಟೇಬಿಟ್ಟಿರುತ್ತಾರೆ. ಹಾಗಾಗಿ ಆ ಲೈನಿನಲ್ಲಿ ಪದ, ಅರ್ಥ ಸ್ಪಷ್ಟವಾಗಿ ಬಂದರೂ ಹಿಮ್ಮೇಳದ ತುಂಬು ಇರುವುದಿಲ್ಲ. ದೂರದಲ್ಲಿ ಕುಳಿತವರಿಗೆ ಆಟ ಬಡವಾಗಿ ಕೇಳುತ್ತದೆ. ರಂಗಸ್ಥಳದಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಮೈಕ್ ಇಟ್ಟು, ಅದನ್ನು ಸ್ಪೀಕರ್‌ಗೆ ಬಿಡದೆ ನಿಮ್ಮ ಲೈನಿಗೆ ಮಾತ್ರ ಸೇರಿಸಿಕೊಡುವಂತೆ ಮೈಕಿನವರನ್ನು ಕೇಳಿ. ಚೌಕಿಯಲ್ಲಿ (ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗ) ನಡೆಯುವ ಪೂಜೆಗೆ ಮೊದಲು ಅವರ ಬಳಿ ಹೋಗಿ, ಕಾಫಿ ಕೊಟ್ಟು, ಸಮಾಧಾನದಿಂದ ಕೇಳಿದರೆ ಒಲ್ಲೆ ಎನ್ನುವವರು ಕಡಿಮೆ. ಆಟ ಶುರುವಾದ ಮೇಲೆ ಹೋದರೆ ಅವರಿಗೂ ಪುರುಸೊತ್ತು ಇರುವುದಿಲ್ಲ. ಲೈನ್ ಸಿಗದೇ ಹೋದರೆ ಫೋನನ್ನು ರಂಗಸ್ಥಳದಿಂದ 10–12 ಮೀಟರ್ ದೂರದಲ್ಲಿ, ಸ್ಪೀಕರ್‌ನ ಬಾಯಿಗೆ ನೇರವಾಗಿರದಂತೆ ಇಡಿ. ತೀರ ಹಿಂದೆ ಹೋಗಬೇಡಿ: ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ 34 ಮೀಟರ್ ದೂರದಲ್ಲಿ ಅದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಬರುತ್ತದೆ, ಹೆಜ್ಜೆಗೂ ಪೆಟ್ಟಿಗೂ ತಾಳೆಯಾಗುವುದಿಲ್ಲ.

ಚಿತ್ರದ ಬಗ್ಗೆ ಹೇಳಬೇಕಾದ್ದು ಕಡಿಮೆ. ಲೈವ್ ಆರಂಭಿಸುವ ಮುನ್ನವೇ ಫೋನನ್ನು ಅಡ್ಡ ಮಾಡಿ ಸ್ಟ್ಯಾಂಡ್‌ನಲ್ಲಿ ಗಟ್ಟಿಯಾಗಿ ಕೂರಿಸಿ, ಭಾಗವತರಿಂದ ಹಿಡಿದು ರಂಗಸ್ಥಳದ ಮುಂತುದಿಯವರೆಗೆ ಎಲ್ಲವೂ ಕಾಣುವಂತೆ ಚೌಕಟ್ಟು ನಿಲ್ಲಿಸಿ, ಮತ್ತೆ ಮುಟ್ಟಬೇಡಿ. ಬೆರಳಿನಿಂದ ಹಿಗ್ಗಿಸಿದರೆ ಚಿತ್ರ ಒಡೆಯುತ್ತದೆ. ಕಪ್ಪು ಆಕಾಶದ ಮುಂದೆ ಬೆಳಗುವ ವೇಷದ ಮುಖ ಬೆಳ್ಳಗೆ ಸುಟ್ಟಂತೆ ಕಾಣದಿರಲು ಆ್ಯಪ್‌ನ ಎಕ್ಸ್‌ಪೋಶರ್ ಅನ್ನು ಸ್ವಲ್ಪ ತಗ್ಗಿಸಿ ಲಾಕ್ ಮಾಡಿ. ಎಲ್‌ಇಡಿ ಬೆಳಕಿನಲ್ಲಿ ಚಿತ್ರ ಮಿಣುಕಿದರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಡಬೇಕು, ನಮ್ಮ ಕರೆಂಟ್ 50 ಹರ್ಟ್ಜ್ ಆಗಿರುವುದೇ ಇದಕ್ಕೆ ಕಾರಣ. ಫೆಬ್ರವರಿಯ ರಾತ್ರಿ ಗದ್ದೆಯಲ್ಲಿ ಇಬ್ಬನಿ ಬೀಳುತ್ತದೆ. ಗಂಟೆಗೊಮ್ಮೆ ಲೆನ್ಸನ್ನು ಒಣ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿ.

ಆದರೆ ನಿಮ್ಮ ಪ್ರಸಂಗದಲ್ಲಿ ಈ ನಿಯಮಕ್ಕೊಂದು ಅಪವಾದವಿದೆ. ಮಹಿಷಾಸುರ ಚೌಕಿಯ ಕಡೆಯಿಂದ ನೇರ ರಂಗಕ್ಕೆ ಬರುವುದಿಲ್ಲ. ದೊಂದಿಗಳ ನಡುವೆ, ಜನರ ಮಧ್ಯದಿಂದ, ಅಬ್ಬರಿಸುತ್ತಾ ಬರುತ್ತಾನೆ, ರಾಳದ ಪುಡಿ ಎರಚಿದಾಗ ಬೆಂಕಿ ಭುಗ್ಗೆಂದು ಏಳುತ್ತದೆ. ರಂಗಸ್ಥಳಕ್ಕೆ ಮುಖಮಾಡಿ ನಿಂತ ಫೋನಿಗೆ ಇದೆಲ್ಲ ಬೆನ್ನ ಹಿಂದೆ ನಡೆಯುತ್ತದೆ. ಯಾವ ದಾರಿಯಿಂದ ಬರುತ್ತಾರೆಂದು ಮೇಳದವರನ್ನು ಮೊದಲೇ ಕೇಳಿಕೊಂಡು, ಸ್ಟ್ಯಾಂಡಿನ ತಲೆಯನ್ನು ಆ ಕಡೆಗೆ ನಿಧಾನವಾಗಿ ತಿರುಗಿಸಲು ನಿಮ್ಮ ಮಗನನ್ನು ಅಲ್ಲಿ ನಿಲ್ಲಿಸಿ. ಖಾತೆ ಅವನದಲ್ಲದಿದ್ದರೂ ಈ ಕೆಲಸ ಅವನದೇ ಆಗಲಿ. ಎಕ್ಸ್‌ಪೋಶರ್ ಲಾಕ್ ಆಗಿದ್ದರೆ ರಾಳದ ಬೆಳಕಿಗೆ ಇಡೀ ಚಿತ್ರ ಕಪ್ಪಾಗುವ ತೊಂದರೆಯೂ ಇರುವುದಿಲ್ಲ.

ಅನುಮತಿಯ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಟ ನಿಮ್ಮ ಹರಕೆಯದಾದರೂ ಪ್ರದರ್ಶನದ ಹಕ್ಕು ಕಲಾವಿದರದು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಪ್ರದರ್ಶನಕಾರರಿಗೆ 50 ವರ್ಷಗಳ ಹಕ್ಕು ಕೊಡುತ್ತದೆ. ಮೇಳದ ವ್ಯವಸ್ಥಾಪಕರನ್ನು ಮುಂಚಿತವಾಗಿ ಕಂಡು, ಕುಟುಂಬದವರಿಗಾಗಿ ಅನ್‌ಲಿಸ್ಟೆಡ್ ಪ್ರಸಾರ ಎಂದು ವಿವರಿಸಿ ಒಪ್ಪಿಗೆ ಪಡೆಯಿರಿ, ಬೇಡವೆಂದರೆ ಬೇಡ. ಬಣ್ಣ ಹಚ್ಚಿಕೊಳ್ಳುವ ಚೌಕಿಯೊಳಗೆ ಕ್ಯಾಮೆರಾ ಒಯ್ಯಬೇಡಿ. ಆಟಕ್ಕೆ ಮೊದಲು ಮೈಕಿನಲ್ಲಿ ಹಾಕುವ ಭಕ್ತಿಗೀತೆಗಳು ಯಾವುದಾದರೂ ಆಡಿಯೊ ಕಂಪನಿಯ ಸ್ವತ್ತಾಗಿರುತ್ತವೆ, ಯೂಟ್ಯೂಬ್ ಅವನ್ನು ಗುರುತಿಸಿ ಪ್ರಸಾರವನ್ನೇ ತಡೆಯಬಹುದು. ಹಾಡು ನಿಂತು, ‘ಕೇಳಿ’ (ಆಟದ ಆರಂಭವನ್ನು ಸಾರುವ ಚಂಡೆಯ ವಾದನ) ಬಾರಿಸಲು ಆರಂಭವಾದ ಮೇಲೆಯೇ ಧ್ವನಿ ಬಿಡಿ.

ಎರಡು ದಿನ ಮೊದಲು ಅದೇ ಗದ್ದೆಯಲ್ಲಿ, ಅದೇ ಹೊತ್ತಿನಲ್ಲಿ, ಬೇರೊಂದು ಪರೀಕ್ಷಾ ಲಿಂಕಿನಲ್ಲಿ ಒಂದು ಗಂಟೆ ಕಳಿಸಿ ನೋಡಿ. ತಂಗಿಯವರು ಆ ಕಡೆಯಿಂದ ಹೇಳಿದ್ದನ್ನೆಲ್ಲ ಸರಿಪಡಿಸಿಕೊಳ್ಳಿ. ದೊಡ್ಡಮ್ಮನವರ ಟಿವಿಯಲ್ಲಿ ಆ ಲಿಂಕ್ ತೆರೆಯುವುದು ಹೇಗೆಂದು ಮುಂಬೈ ಮನೆಯವರಿಗೆ ಅಂದೇ ತೋರಿಸಿಕೊಡಿ. ಅಣ್ಣನವರಿಗೆ ಮಸ್ಕತ್ ಸಮಯ 4.30 ಎಂದು ತಿಳಿಸಿ. ಕೆಲಸ ಮುಗಿಸಿ ತಡವಾಗಿ ಬಂದರೂ ಹಿಂದಕ್ಕೆ ಸರಿಸಿ ಮೊದಲಿನಿಂದ ನೋಡಬಹುದು. ಆಟದ ದಿನ ಅರ್ಧ ಗಂಟೆ ಮೊದಲೇ ಆ್ಯಪ್‌ನಿಂದ ಸಂಕೇತ ಕಳಿಸಲು ಆರಂಭಿಸಿ, ಅದೇ ಹೊತ್ತಿಗೆ ಫೋನಿನ ಮೆಮೊರಿಗೂ ದಾಖಲಾಗುವ ಆಯ್ಕೆಯಿದ್ದರೆ ಆನ್ ಮಾಡಿ. ಇದಕ್ಕೆ 10 ಜಿಬಿಯಷ್ಟು ಜಾಗ ಖಾಲಿ ಇರಬೇಕು. ಮಂಗಳ ಹಾಡಿ ಮುಗಿದ ಮೇಲೆ ಒಂದು ನಿಮಿಷ ಹಾಗೆಯೇ ಬಿಡಿ. ಮೊದಲು ತಂಗಿಯವರು ಸ್ಟುಡಿಯೊದಲ್ಲಿ ಪ್ರಸಾರ ಮುಗಿಸಲಿ, ಆಮೇಲೆ ನೀವು ಆ್ಯಪ್ ನಿಲ್ಲಿಸಿ. ವೀಡಿಯೊ ಚಾನೆಲ್‌ನಲ್ಲಿ ಪೂರ್ತಿಯಾಗಿ ಬಂದಿದೆಯೇ ಎಂದು ಮರುದಿನ ನೋಡಿ ಖಚಿತಪಡಿಸಿಕೊಳ್ಳುವವರೆಗೆ ಫೋನಿನ ಮೆಮೊರಿಯಲ್ಲಿರುವ ಪ್ರತಿಯನ್ನು ಅಳಿಸಬೇಡಿ.